ಅಟ್ಟಣೆಯ ಮೇಲಿನ ದೊರೆ, ಅಟ್ಟಣೆಯ ಮೇಲಿನ ನಾವು

ಹೋದ ವರ್ಷ ನಮ್ಮ ವಾಚನಾಲಯದ ವಾರ್ಷಿಕ ಸಭೆಯಲ್ಲಿ ಒಂದು ಜಗಳ ಆಯಿತು. ಜಗಳ ಅಂದರೆ ಕೈ ಕೈ ಮಿಲಾಯಿಸಿದ್ದಲ್ಲ. ಕಾಫಿ ಆರಿ ಹೋಗೋವರೆಗೂ ಮಾತು ನಡೆಯಿತು ಅಷ್ಟೆ. ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತು, "ಆ ನಾಲ್ಕು ಬೇಟೆ ಪುಸ್ತಕ ಕಪಾಟಿನಿಂದ ತೆಗೆದು ಹಾಕಿ. ೧೯೭೨ರಲ್ಲೇ ವನ್ಯಜೀವಿ ಕಾನೂನು ಬಂದಾಯ್ತು, ಬೇಟೆ ಅಪರಾಧ. ಅಪರಾಧದ ಕತೆಯನ್ನ ಮಕ್ಕಳ ಕೈಗೆ ಕೊಡೋದು ಯಾವ ನ್ಯಾಯ?" ಅಂದರು. ಹಿಂದೆ ಕೂತಿದ್ದ ಹುಡುಗರು ಬಿಡ್ತಾರಾ? "ಸಾರ್, ಇಲ್ಲಿ ಜನ ಓದೋದೇ ಆ ನಾಲ್ಕು ಪುಸ್ತಕ. ಮಿಕ್ಕಿದ್ದೆಲ್ಲ ಗೆದ್ದಲು ಓದ್ತಾ ಇದೆ. ಈ ಸಲದ ದುಡ್ಡಿಗೆ ಅದೇ ತರಹದ್ದು ಇನ್ನೂ ಹತ್ತು ತನ್ನಿ, ಜನಪದ ಗೀತೆ ಪುಸ್ತಕ ಬೇಡ" ಅಂದರು. ಜನಪದ ಗೀತೆ ಅನ್ನುವಾಗ ನನ್ನ ಕಡೆ ನೋಡಿ ನಕ್ಕರು. ನಾನು ಎದ್ದು ಇಬ್ಬರಿಗೂ ತಪ್ಪು ಅಂದೆ. ಇಬ್ಬರೂ ಸಿಟ್ಟಾದರು. ಅವತ್ತು ಪೂರ್ತಿ ಹೇಳೋಕೆ ಬಿಡಲಿಲ್ಲವಾದ್ದರಿಂದ ಇಲ್ಲಿ ಬರೀತಾ ಇದ್ದೀನಿ. ಏಳನೇ ಕ್ಲಾಸು ಓದಿದವನ ಬರವಣಿಗೆ, ತಪ್ಪಿದ್ದರೆ ಅಚ್ಚು ಹಾಕೋರು ತಿದ್ದಿಕೊಳ್ಳಲಿ. ವಿಚಾರ ಮಾತ್ರ ತಿದ್ದಬೇಡಿ.

ಪುಸ್ತಕ ಯಾವುದು ಅಂತ ನಮ್ಮೂರವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳ್ತೀನಿ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ 'ಕಾಡಿನ ಕತೆಗಳು'. ನಾಲ್ಕು ಭಾಗ: ಬೆಳ್ಳಂದೂರಿನ ನರಭಕ್ಷಕ, ಪೆದ್ದಚೆರುವಿನ ರಾಕ್ಷಸ, ಜಾಲಹಳ್ಳಿಯ ಕುರ್ಕ, ಮುನಿಶಾಮಿ ಮತ್ತು ಮಾಗಡಿ ಚಿರತೆ. ಮೂಲ ಬರೆದವರು ಕೆನೆತ್ ಆಂಡರ್ಸನ್. ೧೯೧೦ರಲ್ಲಿ ಹುಟ್ಟಿ ೧೯೭೪ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲೇ ಬದುಕಿದವರು, ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಸ್ಕಾಟ್ಲೆಂಡಿನ ಕುಲ, ಆದರೆ ಮನೆತನ ತಲೆಮಾರುಗಳ ಹಿಂದೆಯೇ ಇಲ್ಲಿ ನೆಲೆ ನಿಂತದ್ದು. ಕನ್ನಡ ತಮಿಳು ಎರಡೂ ಬರುತ್ತಿತ್ತು. ರಜಾ ಸಿಕ್ಕರೆ ಕಾರು ಹತ್ತಿಕೊಂಡು ಹೊಸೂರು, ಡೆಂಕಣಿಕೋಟೆ, ಜವಳಗಿರಿ, ಅಂಚೆಟ್ಟಿ ಅಂತ ನಮ್ಮ ಕಡೆಗೇ ಬರುತ್ತಿದ್ದರು. ಆಗ ಇದೆಲ್ಲ ಸೇಲಂ ಜಿಲ್ಲೆ. ಆಮೇಲೆ ಧರ್ಮಪುರಿ ಆಯ್ತು, ಈಗ ಕೃಷ್ಣಗಿರಿ. ಜಿಲ್ಲೆ ಎರಡು ಸಲ ಬದಲಾದರೂ ಆನೆ ಬರೋ ದಾರಿ ಮಾತ್ರ ಅದೇ ಇದೆ.

ಮೊದಲು ಒಳ್ಳೇದು ಹೇಳ್ತೀನಿ, ಯಾಕಂದ್ರೆ ಒಳ್ಳೇದು ಬಹಳ ಇದೆ.

ನನ್ನ ಮೊಮ್ಮಗ ಓದೋದು ತಮಿಳು ಮೀಡಿಯಂ. ೨೦೦೬ರ ಕಾಯ್ದೆ ಬಂದ ಮೇಲೆ ತಮಿಳು ಕಲಿಯೋದು ಕಡ್ಡಾಯ. ಅದರ ಮೇಲೆ ನನಗೆ ಕೋಪ ಇಲ್ಲ, ಈ ರಾಜ್ಯದ ಅನ್ನ ತಿನ್ನೋರು ಈ ರಾಜ್ಯದ ಮಾತು ಕಲೀಬೇಕು. ಆದರೆ ಮನೇಲಿ ಕನ್ನಡ ಆಡೋ ಹುಡುಗನಿಗೆ ಕನ್ನಡ ಅಕ್ಷರ ಬರ್ತಾ ಇರಲಿಲ್ಲ. ಬೇಸಿಗೆ ರಜದಲ್ಲಿ ನಾನು ಸ್ಲೇಟು ಹಿಡಿಸಿದೆ, ಮೂರು ದಿನಕ್ಕೆ ಓಡಿ ಹೋದ. ಹಾಡು ಹೇಳಿಕೊಟ್ಟೆ. ಹಾಡು ಬಾಯಿಗೆ ಬಂತು, ಅಕ್ಷರ ಕಣ್ಣಿಗೆ ಬರಲಿಲ್ಲ. ಕಡೆಗೆ ಒಂದು ಸಂಜೆ ನಾನೇ ಜಾಲಹಳ್ಳಿಯ ಕುರ್ಕ ಓದ್ತಾ ಓದ್ತಾ, ಚಿರತೆ ಇನ್ನೇನು ಬರಬೇಕು ಅನ್ನೋ ಜಾಗದಲ್ಲಿ ಪುಸ್ತಕ ಮುಚ್ಚಿ, ದನಕ್ಕೆ ಹುಲ್ಲು ಹಾಕಿ ಬರ್ತೀನಿ ಅಂತ ಎದ್ದು ಹೋದೆ. ಬೇಕು ಅಂತಲೇ ತಡ ಮಾಡಿದೆ. ಬಂದು ನೋಡಿದರೆ ಹುಡುಗ ಬೆರಳಿಟ್ಟು, ಒತ್ತಕ್ಷರದಲ್ಲಿ ಎಡವಿಕೊಂಡು, ಬೆವರಿಕೊಂಡು ಓದ್ತಾ ಇದ್ದ. ಮೇಷ್ಟ್ರೇ, ಯಾವ ಪಾಠದ ಪುಸ್ತಕ ಈ ಕೆಲಸ ಮಾಡಿದೆ? ನಮ್ಮ ಗಡಿ ಊರುಗಳಲ್ಲಿ ಕನ್ನಡ ಉಳಿಸಬೇಕು ಅಂತ ಭಾಷಣ ಮಾಡೋರು ವರ್ಷಕ್ಕೊಂದು ಸಲ ಶಾಲು ಹೊದ್ದುಕೊಂಡು ಬಂದು ಹೋಗ್ತಾರೆ. ಆ ಚಿರತೆ ವರ್ಷಪೂರ್ತಿ ಕಪಾಟಿನಲ್ಲಿ ಕೂತು ಕೆಲಸ ಮಾಡುತ್ತೆ.

ಇದು ಹೇಗೆ ಸಾಧ್ಯ ಆಯ್ತು? ತೇಜಸ್ವಿಯವರ ಕನ್ನಡದಿಂದ. ಅವರು ಪದಕ್ಕೆ ಪದ ಇಟ್ಟು ಅನುವಾದ ಮಾಡಲಿಲ್ಲ. ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು, ಗಾಳ ಹಾಕಿಕೊಂಡು, ಹಕ್ಕಿ ಫೋಟೋ ತೆಗೆದುಕೊಂಡು ಕಾಡಿನ ಮಗ್ಗುಲಲ್ಲೇ ಬದುಕಿದ ಮನುಷ್ಯ. ದರಗಿನ ಮೇಲೆ ಕಾಲಿಟ್ಟರೆ ಏನು ಸದ್ದು ಬರುತ್ತೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದಕ್ಕೇ ಆ ಪುಸ್ತಕ ಕೈಗೆತ್ತಿಕೊಂಡರೆ, ಊರಿನ ಯಾರೋ ಹಿರೀಕ ಜಗಲಿ ಮೇಲೆ ಕೂತು ಹೇಳಿದ ಹಾಗಿರುತ್ತೆ, ಪರಭಾಷೆಯಿಂದ ಬಂದದ್ದು ಅನ್ನಿಸೋದೇ ಇಲ್ಲ. ಒಂದು ಸಣ್ಣ ತಕರಾರು: ಕುರ್ಕ ಅನ್ನೋದು ಮಲೆನಾಡಿನ ಮಾತು. ನಮ್ಮ ಕಡೆ ಚಿರ್ತೆ ಅಂದರೆ ಸಾಕು. ಕುರ್ಕ ಅಂದರೆ ತಿನ್ನೋ ಕುರುಕಲು ತಿಂಡಿ ಏನೋ ಅಂದುಕೊಂಡಿದ್ದ ನನ್ನ ಮೊಮ್ಮಗ. ಹೋಗಲಿ, ಒಂದು ಹೊಸ ಮಾತು ಕಲಿತ ಹಾಗಾಯ್ತು.

ಇನ್ನೊಂದು ದೊಡ್ಡ ಗುಣ, ಕಿವಿ. ಈ ಕತೆಗಳಲ್ಲಿ ಕಣ್ಣಿಗಿಂತ ಕಿವಿ ಜಾಸ್ತಿ ಕೆಲಸ ಮಾಡುತ್ತೆ. ಕಡವೆ ಕೂಗಿತು, ಮುಸಿಯ ಮರದ ಮೇಲಿಂದ ಕೆಮ್ಮಿತು, ಜೀರುಂಡೆ ಸದ್ದು ತಟ್ಟನೆ ನಿಂತಿತು, ಅಂದರೆ ಏನೋ ಹತ್ತಿರ ಬರ್ತಾ ಇದೆ. ಕಾಡಂಚಿನಲ್ಲಿ ಹುಟ್ಟಿದ ನಮಗೆ ಇದು ಹಾಲಿನ ಜೊತೆ ಬಂದ ವಿದ್ಯೆ. ಆದರೆ ಇವತ್ತಿನ ಹುಡುಗರ ಕಿವಿಯಲ್ಲಿ ಸದಾ ಒಂದು ವೈರು ಸಿಕ್ಕಿಸಿಕೊಂಡಿರುತ್ತೆ. ಅವರಿಗೆ ಕಾಡು ಅಂದರೆ ಕೇಳಬೇಕಾದ್ದು ಅಂತ ನೆನಪು ಮಾಡಿಕೊಡೋಕೆ ಬೆಂಗಳೂರಿನ ದೊರೆಯ ಪುಸ್ತಕವೇ ಬರಬೇಕಾಯ್ತು. ನಾನು ಹಾಡೋನು, ಕಿವಿ ಇಲ್ಲದವನ ಕತೆ ನನಗೆ ರುಚಿಸಲ್ಲ. ಆಂಡರ್ಸನ್‌ಗೆ ಕಿವಿ ಇತ್ತು.

ಈಗ ಮೇಷ್ಟ್ರ ಮಾತಿಗೆ ಬರ್ತೀನಿ. ಬೇಟೆ ಪುಸ್ತಕ ಓದಿದರೆ ಹುಡುಗರು ಬೇಟೆಗಾರರಾಗ್ತಾರೆ ಅಂತ ಅವರ ಭಯ. ನನಗನ್ನಿಸೋದು, ಮೇಷ್ಟ್ರು ಪುಸ್ತಕದ ರಟ್ಟು ಓದಿದ್ದಾರೆ, ಒಳಗಿನದು ಓದಿಲ್ಲ. ನಮ್ಮ ಜವಳಗಿರಿಯ ಹೆಣ್ಣು ಹುಲಿಯ ಕತೆಯನ್ನೇ ತಗೊಳ್ಳಿ. ಇದು ಆಂಡರ್ಸನ್‌ರ ಮೊದಲನೇ ಪುಸ್ತಕದಲ್ಲಿದೆ, ೧೯೫೪ರಲ್ಲಿ ಬಂದದ್ದು. ನನಗೆ ಇಂಗ್ಲಿಷ್ ಬರಲ್ಲ, ಇನ್ನೊಬ್ಬ ಮೇಷ್ಟ್ರು ಓದಿ ಅರ್ಥ ಹೇಳಿದರು. ಆ ಹುಲಿ ಹುಟ್ಟಾ ನರಭಕ್ಷಕ ಏನಲ್ಲ. ಜೊತೆ ಇಲ್ಲದೆ ಕೂಗಿಕೊಂಡು ತಿರುಗುತ್ತಿತ್ತು. ಒಬ್ಬ ಎಳೆಯ ಬೇಟೆಗಾರ ಬಂದು ಗುಂಡು ಹೊಡೆದ. ಸಾಯಲಿಲ್ಲ, ಗಾಯ ಆಯ್ತು. ಆಮೇಲೆ ಅದು ಮನುಷ್ಯರ ಮೇಲೆ ತಿರುಗಿತು. ಕಡೆಗೆ ಆಂಡರ್ಸನ್ ಗಂಡು ಹುಲಿಯ ಹಾಗೆ ಕೂಗಿ ಅದನ್ನ ಹತ್ತಿರ ಕರೆಸಿಕೊಂಡು ಹೊಡೆದರು.

ಈಗ ಹೇಳಿ, ಈ ಕತೆ ಓದಿದವನಿಗೆ ಕೋವಿ ಹಿಡಿಯೋ ಆಸೆ ಬರುತ್ತಾ? ಒಬ್ಬ ಶೋಕಿಗೆ ಹೊಡೆದ, ಅವನ ತಪ್ಪಿಗೆ ಸೌದೆಗೆ ಹೋದವರು, ದನ ಕಾಯೋರು ಸತ್ತರು. ಆಮೇಲೆ ಇನ್ನೊಬ್ಬ ಬಂದು, ಅದು ಜೊತೆಯನ್ನ ಹುಡುಕ್ತಾ ಬಂದಾಗ ಹೊಡೆದ. ನನಗಂತೂ ಗೆದ್ದ ಖುಷಿ ಆಗಲಿಲ್ಲ, ಹೊಟ್ಟೆ ತೊಳೆಸಿತು. ಹೇಳಿದವರಿಗೂ ಆ ಸಂಕಟ ಇತ್ತು ಅಂತ ಓದುವಾಗ ಗೊತ್ತಾಗುತ್ತೆ. ಆಂಡರ್ಸನ್ ಒಂದು ಕಡೆಯಲ್ಲ, ಹತ್ತು ಕಡೆ ಹೇಳ್ತಾರೆ: ಹುಲಿ ಚಿರತೆ ಸುಮ್ಮನೆ ನರಭಕ್ಷಕ ಆಗಲ್ಲ, ಬಹಳ ಸಲ ಮನುಷ್ಯನೇ ಮಾಡಿರ್ತಾನೆ. ತಪ್ಪು ಗುಂಡು, ಮುಳ್ಳುಹಂದಿಯ ಮುಳ್ಳು, ಮುರಿದ ಹಲ್ಲು, ಹೀಗೆ ಏನೋ ಒಂದು ಕಾರಣ ಇರುತ್ತೆ. ಕಾನೂನು ಬರೋಕೆ ಮೊದಲೇ ಬರೆದಿಟ್ಟ ಮಾತು ಇದು. ಇದನ್ನ ಕಪಾಟಿನಿಂದ ತೆಗೆದರೆ ನಷ್ಟ ಆಗೋದು ಕಾಡಿಗೇ.

ಇಷ್ಟು ಹೇಳಿದ್ದಕ್ಕೆ ಹುಡುಗರು ಚಪ್ಪಾಳೆ ತಟ್ಟಿದರು. ತಾಳಿ, ನಿಮ್ಮ ಸರದಿ ಈಗ.

ಒಂದೇ ಕತೆಯನ್ನ ನಲವತ್ತು ಸಲ ಓದೋದಕ್ಕೆ ಓದು ಅನ್ನಲ್ಲ. ನಾನು ಕೂತು ಲೆಕ್ಕ ಹಾಕಿದೆ. ಊರಿಗೆ ಕಾಟ ಶುರುವಾಗುತ್ತೆ. ಜನ ನಡುಗುತ್ತಾರೆ. ದೊರೆಗೆ ಕಾಗದವೋ ತಂತಿಯೋ ಹೋಗುತ್ತೆ. ದೊರೆ ಬರ್ತಾರೆ. ದನ ಕಟ್ಟಿಸ್ತಾರೆ, ಅಟ್ಟಣೆ ಹಾಕಿಸ್ತಾರೆ. ಮೊದಲ ರಾತ್ರಿ ಬರಲ್ಲ. ಎರಡನೇ ರಾತ್ರಿ ಬಂದು ತಪ್ಪಿಸಿಕೊಳ್ಳುತ್ತೆ. ನಡುವೆ ಇನ್ನೊಬ್ಬ ಪಾಪದವನು ಸಾಯ್ತಾನೆ. ಕಡೆಗೆ ನಾವು ನೆನೆಸದ ಜಾಗದಲ್ಲಿ ಎದುರುಬದುರು, ಗುಂಡು, ಮುಗಿಯಿತು. ನಮ್ಮ ಹಾಡಿಗೂ ಪಲ್ಲವಿ ಇದೆ, ಮತ್ತೆ ಮತ್ತೆ ಬರುತ್ತೆ. ನಾನು ಅದಕ್ಕೆ ತಪ್ಪು ಹೇಳಲ್ಲ. ಆದರೆ ಪಲ್ಲವಿಯಿಂದ ಪಲ್ಲವಿಗೆ ನಡುವೆ ನುಡಿ ಬೆಳೀಬೇಕು. ರಾತ್ರಿಯೆಲ್ಲ ಮಾದೇಶ್ವರನ ಕತೆ ಹಾಡೋರು ಬೆಳಗಾಗೋ ಹೊತ್ತಿಗೆ ಕೇಳೋರನ್ನ ಬೇರೆ ಜಾಗಕ್ಕೆ ಕರಕೊಂಡು ಹೋಗಿರ್ತಾರೆ. ಇಲ್ಲಿ ಒಂದೊಂದು ಕತೆ ಬೇರೆ ಬೇರೆಯಾಗಿ ಓದಿದರೆ ಅಮೃತ, ನಾಲ್ಕು ಭಾಗ ಒಟ್ಟಿಗೆ ಓದಿದರೆ ನಾಲ್ಕನೇದರಲ್ಲಿ ಹುಲಿಗಿಂತ ಮುಂಚೆ ನಮಗೇ ಗೊತ್ತಾಗುತ್ತೆ, ಈಗ ಗುಂಡು ಬಿತ್ತು ಅಂತ.

ಇನ್ನೂ ಒಂದು. ಕತೆ ಹೇಳೋನೂ ಅವನೇ, ಹೊಡೆಯೋನೂ ಅವನೇ, ಸಾಕ್ಷಿಯೂ ಅವನೇ. ಹುಲಿ ಬಂದು ಇಲ್ಲ ಅನ್ನೋ ಹಾಗಿಲ್ಲ. ನಾನು ಸುಳ್ಳು ಅಂತ ಹೇಳ್ತಾ ಇಲ್ಲ. ನಾವು ಹಾಡೋರೂ ಮೂರು ಆಳು ಎತ್ತರವನ್ನ ಏಳು ಆಳು ಮಾಡ್ತೀವಿ, ಕೇಳೋರಿಗೂ ಅದು ಗೊತ್ತಿರುತ್ತೆ. ಆದರೆ ಅಚ್ಚಾದ ಪುಸ್ತಕಕ್ಕೆ ಹುಡುಗರು ಕೈ ಮುಗಿದುಬಿಡ್ತಾರೆ. ಅದೇ ಮಾತು ಅವರ ತಾತ ಹೇಳಿದರೆ "ಬುರುಡೆ" ಅಂತಾರೆ.

ನನಗೆ ನಿಜವಾಗಿ ನೋವಾಗೋದು ಬೇರೆ ಕಡೆ. ಗುಮ್ಮಳಾಪುರದ ಚಿರತೆಯ ಕತೆ ಇದೆಯಲ್ಲ, ತಳಿ ಪಕ್ಕದ ಗುಮ್ಮಳಾಪುರ. ನಾವು ಸಂತೆಗೆ, ಮಠಕ್ಕೆ ಹೋಗಿ ಬರೋ ಊರು. ಆ ಚಿರತೆ ೪೨ ಜನರನ್ನ ತಿಂದಿತ್ತು ಅಂತ ಬರೆದಿದ್ದಾರೆ. ಜನ ಹೊತ್ತು ಮುಳುಗೋಕೆ ಮೊದಲೇ ಬಾಗಿಲು ಹಾಕಿ, ಬಾಗಿಲಿಗೆ ಮುಳ್ಳಿನ ಹೊರೆ ಒತ್ತಿಕೊಂಡು ಒಳಗೆ ಕೂರುತ್ತಿದ್ದರಂತೆ. ಇದನ್ನ ಓದಿ ನಮ್ಮ ಹುಡುಗರು ನಗ್ತಾರೆ. "ನೋಡು ತಾತ, ನಿಮ್ಮ ಕಾಲದೋರು ಎಷ್ಟು ಹೆದರುಪುಕ್ಕಲು" ಅಂತಾರೆ.

ಹೆದರುಪುಕ್ಕಲು! ಆ ಕಾಲಕ್ಕೆ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡರೆ ಜೈಲು. ರೈತನಿಗೆ ಲೈಸೆನ್ಸು ಯಾರು ಕೊಡ್ತಾರೆ? ಕದ್ದು ಇಟ್ಟುಕೊಂಡ ಕೇಪಿನ ಕೋವಿಗೆ ಒಂದು ಸಲ ಮದ್ದು ತುಂಬೋ ಹೊತ್ತಿಗೆ ಚಿರತೆ ಎರಡು ಹೊಲ ದಾಟಿರುತ್ತೆ. ದೊರೆ ಹತ್ತಿರ ಇದ್ದದ್ದು ಚಾರ್‌ನೂರಾ ಐದರ ವಿಂಚೆಸ್ಟರ್ ರೈಫಲ್ಲು, ಟಾರ್ಚು, ಮನೆಗೆ ಹೋಗೋಕೆ ಸ್ಟುಡಿಬೇಕರ್ ಕಾರು. ಕೆಲಸ ಮುಗಿದ ಮೇಲೆ, ಇಲ್ಲ ರಜ ಮುಗಿದ ಮೇಲೆ ಅವರು ಬೆಂಗಳೂರಿಗೆ ಹೋಗಬಹುದಿತ್ತು. ಗುಮ್ಮಳಾಪುರದವರು ಎಲ್ಲಿಗೆ ಹೋಗೋದು? ಬಾಗಿಲಿಗೆ ಮುಳ್ಳು ಒತ್ತಿ, ರಾತ್ರಿಯೆಲ್ಲ ಮಗುವಿನ ಬಾಯಿಗೆ ಕೈ ಅಡ್ಡ ಇಟ್ಟು, ಬೆಳಿಗ್ಗೆ ಎದ್ದು ಅದೇ ಮುಳ್ಳು ಸರಿಸಿ ಅದೇ ಹೊಲಕ್ಕೆ ಉಳೋಕೆ ಹೋದವರು ಅವರು. ಒಂದು ರಾತ್ರಿ ಅಲ್ಲ, ತಿಂಗಳುಗಟ್ಟಲೆ. ಧೈರ್ಯ ಅಂದರೆ ಅದು. ದೊರೆಯ ಧೈರ್ಯ ನಾನು ಕಡಿಮೆ ಅನ್ನಲ್ಲ. ಅವರು ಬಂದು ನಮ್ಮ ಜನರ ಕಷ್ಟ ಕಳೆದದ್ದು ನಿಜ, ಯಾರೂ ಕರೆಯದಿದ್ದರೂ ಬಂದದ್ದೂ ನಿಜ. ಆ ಕತೆಯಲ್ಲಿ ಅವರ ಪ್ರಾಣ ಉಳಿಸಿದ್ದು ಒಂದು ಬೀದಿ ನಾಯಿ ಗುರುಗುಟ್ಟಿದ್ದರಿಂದ ಅಂತ ಅವರೇ ಒಪ್ಪಿ ಬರೀತಾರೆ, ಅಷ್ಟು ನಿಯತ್ತು ಅವರಿಗಿದೆ. ಆದರೆ ಪುಸ್ತಕದ ಬೆಳಕೆಲ್ಲ ಒಬ್ಬನ ಮುಖದ ಮೇಲೆ. ಮಿಕ್ಕವರು ಬಾಗಿಲ ಹಿಂದಿನ ಕತ್ತಲಲ್ಲಿ.

ಆ ೪೨ ಅನ್ನೋ ಲೆಕ್ಕ ನನಗೆ ನಿದ್ದೆ ಕೆಡಿಸಿತು. ನಮ್ಮಮ್ಮ ಒಂದು ಹಾಡು ಹೇಳೋಳು. ತೊರೆಗೆ ಬಟ್ಟೆ ಒಗೆಯೋಕೆ ಹೋದ ಹೆಣ್ಣುಮಗಳೊಬ್ಬಳನ್ನ 'ದೊಡ್ಡನಾಯಿ' ಎತ್ತಿಕೊಂಡು ಹೋದದ್ದರ ಮೇಲೆ ಕಟ್ಟಿದ್ದು. ರಾತ್ರಿ ಹೊತ್ತು ಹುಲಿ ಅಂತ ಬಾಯಲ್ಲಿ ಹೇಳಬಾರದು, ದೊಡ್ಡನಾಯಿ ಅನ್ನಬೇಕು, ಅದು ನಮ್ಮ ಹಳಬರ ರಿವಾಜು. ಆ ಹಾಡಿನಲ್ಲಿ ಹುಲಿ ಬರೋದು ಒಂದೇ ನುಡಿ. ಮಿಕ್ಕದ್ದೆಲ್ಲ ಅವಳದು. ಅವಳ ಹೆಸರು, ತವರು, ಅವತ್ತು ಉಟ್ಟಿದ್ದ ಸೀರೆ, ತೊಟ್ಟಿಲಲ್ಲಿ ಬಿಟ್ಟು ಹೋದ ಕೂಸು, ಬಂಡೆ ಮೇಲೆ ಅರ್ಧ ಒಗೆದು ಬಿಟ್ಟ ಬಟ್ಟೆ. (ಹೆಸರು ಇಲ್ಲಿ ಬರೆಯಲ್ಲ. ಆ ಮನೆಯವರು ಇನ್ನೂ ಇದ್ದಾರೆ.) ಹುಲಿಯನ್ನ ಯಾರು ಹೊಡೆದರು, ಹೊಡೆದರೋ ಇಲ್ಲವೋ, ಹಾಡು ಹೇಳೋದೇ ಇಲ್ಲ. ಅದು ಮುಖ್ಯ ಅಂತ ಕಟ್ಟಿದವರಿಗೆ ಅನ್ನಿಸಲಿಲ್ಲ. ದೊರೆಯ ಕತೆಯಲ್ಲಿ ಇಂಥ ಹೆಂಗಸು ಎರಡು ಸಾಲಿನಲ್ಲಿ ಬಂದು ಹೋಗ್ತಾಳೆ. ನೀರಿಗೆ ಹೋದಳು, ಬರಲಿಲ್ಲ, ಆಮೇಲೆ ಹೆಜ್ಜೆ ಗುರುತಿನ ವರ್ಣನೆ. ಪಂಜದ ಅಗಲ ಎಷ್ಟು ಅಂಗುಲ ಅನ್ನೋದು ಗೊತ್ತಾಗುತ್ತೆ, ಅವಳ ಹೆಸರು ಗೊತ್ತಾಗಲ್ಲ.

ಹುಡುಗರೇ, ನೀವು ಬೇಡ ಅಂದ ಜನಪದ ಗೀತೆ ಪುಸ್ತಕದಲ್ಲಿ ಇರೋದು ಇಂಥದ್ದು. ಎರಡೂ ಒಂದೇ ಕಾಡಿನ ಕತೆ. ಒಂದನ್ನ ಮಾತ್ರ ಓದಿದರೆ ಅರ್ಧ ಓದಿದ ಹಾಗೆ.

ಪೂಜಾರಿ ಬೈರನ ವಿಷಯದಲ್ಲಿ ಆಂಡರ್ಸನ್‌ಗೆ ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ಆ ಕಾಲದ ಎಷ್ಟು ಜನ ದೊರೆಗಳು ತಮಗೆ ಹೆಜ್ಜೆ ತೋರಿಸಿದ ಕಾಡಿನವನ ಹೆಸರಿನಲ್ಲಿ ಒಂದು ಪೂರ್ತಿ ಅಧ್ಯಾಯ ಬರೆದರು? ಇವರು ಬರೆದರು. ಮೈ ಮೇಲೆ ಲಂಗೋಟಿ ಬಿಟ್ಟರೆ ಏನೂ ಇಲ್ಲದ ಬೈರನಿಂದ ಕಾಡಿನ ವಿದ್ಯೆ ಕಲಿತೆ ಅಂತ ಒಪ್ಪಿಕೊಂಡರು. ಅವನನ್ನ ಗೆಳೆಯ ಅಂದರು. ಇದಕ್ಕೆ ನಾನು ತಲೆ ಬಾಗ್ತೀನಿ. ಹಾಗಿದ್ದೂ ಕೇಳ್ತೀನಿ: ಬೈರ ಏನು ಹೇಳುತ್ತಿದ್ದ? ತನ್ನ ಹಟ್ಟಿಯ ಬೆಂಕಿ ಮುಂದೆ ಕೂತು, ಬೆಂಗಳೂರಿನಿಂದ ಬರೋ ದೊರೆ ಹೀಗೆ, ಅವನಿಗೆ ಇದು ಗೊತ್ತು, ಇದು ಗೊತ್ತಿಲ್ಲ ಅಂತ ಹೆಂಡತಿ ಮಕ್ಕಳಿಗೆ ಹೇಳಿರಲ್ವಾ? ಆ ಕತೆ ನಮಗೆ ಸಿಗಲಿಲ್ಲ. ಅವನಿಗೆ ಅಕ್ಷರ ಇರಲಿಲ್ಲ. ನಮಗಿದೆ. ನಾವೇನು ಮಾಡಿದ್ದೀವಿ?

ಈಗ ಅಟ್ಟಣೆ ವಿಷಯಕ್ಕೆ ಬರ್ತೀನಿ, ಅದಕ್ಕಾಗಿಯೇ ಇದನ್ನ ಬರೆಯೋಕೆ ಕೂತದ್ದು.

ಪುಸ್ತಕದಲ್ಲಿ ಅಟ್ಟಣೆ ಅಂದರೆ ದೊರೆ ಮರದ ಮೇಲೆ ಕೂರೋ ಜಾಗ. ನಮ್ಮಲ್ಲಿ ಅಟ್ಟಣೆ ಅಂದರೆ ರಾಗಿ ಕಾಯೋ ಜಾಗ. ಚಳಿ ಶುರುವಾಗ್ತಿದ್ದ ಹಾಗೆ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡು ಜವಳಗಿರಿ ಕಾಡಿಗೆ ಇಳಿಯುತ್ತೆ. ಅಲ್ಲಿಂದ ಡೆಂಕಣಿಕೋಟೆ, ಸಾಣಮಾವು. ಸರಿಯಾಗಿ ರಾಗಿ ತೆನೆ ಬಲಿಯೋ ಹೊತ್ತಿಗೆ ಬರುತ್ತೆ. ಅದಕ್ಕೂ ಪಂಚಾಂಗ ಗೊತ್ತು. ಕಾರ್ತಿಕ, ಮಾರ್ಗಶಿರ ಎರಡು ತಿಂಗಳು ಮನೆಗೊಬ್ಬ ಗಂಡಸು ರಾತ್ರಿ ಮನೇಲಿ ಮಲಗಲ್ಲ. ಕಂಬಳಿ, ಟಾರ್ಚು, ತಗಡಿನ ಡಬ್ಬ, ತಮಟೆ, ಒಂದಿಷ್ಟು ಪಟಾಕಿ. ನಾನು ಹದಿನಾಲ್ಕನೇ ವಯಸ್ಸಿಗೆ ಅಪ್ಪನ ಜೊತೆ ಹತ್ತಿದೆ. ಈಗ ಅರವತ್ತು ದಾಟಿತು, ಮೊಣಕಾಲು ಬೇಡ ಅನ್ನುತ್ತೆ, ಆದರೂ ಹತ್ತುತ್ತೀನಿ. ದೊರೆ ತಮ್ಮ ಜೀವಮಾನದಲ್ಲಿ ಅಟ್ಟಣೆ ಮೇಲೆ ಎಷ್ಟು ರಾತ್ರಿ ಕಳೆದರೋ, ಅದಕ್ಕಿಂತ ನನ್ನವು ಕಡಿಮೆ ಇರಲಿಕ್ಕಿಲ್ಲ.

ಅಲ್ಲಿ ಏನಾಗುತ್ತೆ ಗೊತ್ತಾ? ಹತ್ತರಲ್ಲಿ ಒಂಬತ್ತು ರಾತ್ರಿ ಏನೂ ಆಗಲ್ಲ. ಮಂಜು ಬೀಳುತ್ತೆ, ಕಂಬಳಿ ಒದ್ದೆಯಾಗುತ್ತೆ, ಕಾಲು ಮರಗಟ್ಟುತ್ತೆ. ಆಚೆ ಹೊಲದ ಅಟ್ಟಣೆಯಿಂದ ಯಾರೋ ಕೂ ಹಾಕ್ತಾರೆ, ನೀನೂ ಕೂ ಹಾಕ್ತೀಯ, ಎಚ್ಚರ ಇದ್ದೀನಿ ಅಂತ. ನಿದ್ದೆ ಬರದಿರಲಿ ಅಂತ ಹಾಡು. ನನಗೆ ಬರೋ ಹಾಡಿನಲ್ಲಿ ಅರ್ಧ ಅಟ್ಟಣೆ ಮೇಲೆ ಕಲಿತದ್ದು, ಹೊಲದಿಂದ ಹೊಲಕ್ಕೆ ಒಬ್ಬರು ಒಂದು ನುಡಿ ಎತ್ತಿದರೆ ಇನ್ನೊಬ್ಬರು ಮುಂದಿನದು ಹೇಳೋರು. ಹತ್ತನೇ ರಾತ್ರಿ, ನಿನಗೆ ಒಂದು ಗಳಿಗೆ ಕಣ್ಣು ಹತ್ತಿದಾಗ, ಬರುತ್ತೆ. ಅಷ್ಟು ದೊಡ್ಡ ಮೈ, ಸದ್ದೇ ಇಲ್ಲ. ಕಣ್ಣು ಬಿಟ್ಟರೆ ಹೊಲದ ನಡುವೆ ಬಂಡೆ ನಿಂತ ಹಾಗೆ ಮೂರು ನಾಲ್ಕು. ತೆನೆ ಕಿತ್ತು, ಬೇರಿನ ಮಣ್ಣನ್ನ ಕಾಲಿಗೆ ಬಡಿದುಕೊಂಡು, ಬಾಯಿಗಿಡೋ ಸದ್ದು. ಆವಾಗ ಧೈರ್ಯ ಅಂದರೆ ಇಳಿಯದೇ ಇರೋದು.

ಸಾಹಸದ ಕತೆಯ ದೊಡ್ಡ ದೋಷ ಇಲ್ಲಿ ಕಾಣುತ್ತೆ. ಆ ಕತೆಯಲ್ಲಿ ಪ್ರತಿ ಸಲವೂ ಏನಾದರೂ ಆಗಲೇಬೇಕು, ಇಲ್ಲದಿದ್ದರೆ ಓದೋನು ಪುಟ ತಿರುಗಿಸಲ್ಲ. ಹತ್ತಿರ ಹೋದವನೇ ಗೆಲ್ಲಬೇಕು. ಎರಡು ವರ್ಷದ ಹಿಂದೆ ನಮ್ಮ ಹುಡುಗನೊಬ್ಬ ಹೀಗೇ ಇಳಿದ. ಆನೆಗೆ ಕಣ್ಣು ಮಂಜು, ಗಾಳಿ ಎದುರು ಇದ್ದರೆ ಮೂವತ್ತು ಹೆಜ್ಜೆಗೆ ಹೋಗಬಹುದು ಅಂತ ಎಲ್ಲೋ ಓದಿದ್ದನಂತೆ. ಗಾಳಿ ಲೆಕ್ಕ ಸರಿಯಾಗೇ ಇತ್ತು. ಆದರೆ ಅವನ ಹಿಂದೆ ಬದುವಿನ ಆಚೆ ಇನ್ನೊಂದು ನಿಂತಿರೋದು ಪುಸ್ತಕದಲ್ಲಿ ಇರಲಿಲ್ಲ. ಹಳ್ಳಕ್ಕೆ ಬಿದ್ದದ್ದರಿಂದ ಬದುಕಿದ. ಸೊಂಟದ ಮೂಳೆ ಮುರಿದು ಆರು ತಿಂಗಳು ಮಲಗಿದ, ಈಗಲೂ ಮೂಟೆ ಎತ್ತೋಕಾಗಲ್ಲ. ಅವನ ಅಪ್ಪ ಆ ವರ್ಷದ ರಾಗಿ ಪೂರ್ತಿ ಮಾರಿ ಆಸ್ಪತ್ರೆಗೆ ಕಟ್ಟಿದರು. ಆ ಹುಡುಗ ಈಗ ವಾಚನಾಲಯಕ್ಕೆ ಬರ್ತಾನೆ, ಕೂತು ಪೇಪರು ಓದ್ತಾನೆ, ಆ ಕಪಾಟಿನ ಕಡೆ ನೋಡಲ್ಲ.

ಇದು ಪುಸ್ತಕದ ತಪ್ಪಾ? ಪೂರ್ತಿ ಅಲ್ಲ. ಆಂಡರ್ಸನ್ ಯಾರಿಗೂ ಇಳೀರಿ ಅಂತ ಹೇಳಲಿಲ್ಲ. ತೇಜಸ್ವಿಯವರೂ ಹೇಳಲಿಲ್ಲ. ತಪ್ಪು ನಮ್ಮದು, ಕಾಡಂಚಿನಲ್ಲಿ ಬದುಕಿದ ಹಿರಿಯರದು. ನಮ್ಮ ಅನುಭವ ನಾವು ಬರೆಯಲಿಲ್ಲ. ಹುಡುಗನ ಕೈಗೆ ಸಿಕ್ಕಿದ್ದು ಕೋವಿ ಇದ್ದವನ ಪುಸ್ತಕ ಮಾತ್ರ. ಡಬ್ಬ ಹಿಡಿದವನ ಪುಸ್ತಕ ಇಲ್ಲವೇ ಇಲ್ಲ. ಕೋವಿ ಇದ್ದವನಿಗೆ ಮುಂದೆ ಹೋಗೋದು ವಿದ್ಯೆ, ಡಬ್ಬ ಇದ್ದವನಿಗೆ ಹಿಂದೆ ಬರೋದು ವಿದ್ಯೆ. ಎಲ್ಲಿ ನಿಂತರೆ ಆನೆ ದಾರಿ ಬಿಟ್ಟ ಹಾಗೆ ಆಗುತ್ತೆ, ಮರಿ ಇದ್ದ ಹಿಂಡಿಗೆ ಪಟಾಕಿ ಹಚ್ಚಬಾರದು ಯಾಕೆ, ಒಂಟಿ ಗಂಡು ಬಂದರೆ ಅವತ್ತಿನ ತೆನೆ ಬಿಟ್ಟುಕೊಡೋದೇ ಲೇಸು ಯಾಕೆ, ಇದೆಲ್ಲ ನಮ್ಮಪ್ಪ ನನಗೆ ಅಟ್ಟಣೆ ಮೇಲೆ ಹೇಳಿಕೊಟ್ಟದ್ದು. ನಾನು ನನ್ನ ಮಗನಿಗೆ ಹೇಳೋ ಹೊತ್ತಿಗೆ ಅವನು ಹೊಸೂರಿನ ಫ್ಯಾಕ್ಟರಿಗೆ ರಾತ್ರಿ ಪಾಳಿ ಹೋಗ್ತಿದ್ದ.

ಇನ್ನೊಂದು ನೋಡಿ. ದೊರೆ ಬಂದು ಕಾಪಾಡ್ತಾನೆ ಅನ್ನೋ ಕತೆಯನ್ನ ನಲವತ್ತು ಸಲ ಓದಿದ ಮೇಲೆ ಜನಕ್ಕೆ ಕಾಯೋ ಚಾಳಿ ಬೀಳುತ್ತೆ. ಚಿರತೆ ಕುರಿ ಹಿಡಿದರೆ ಬೋನು ತರಲಿ, ಹಿಡಿದುಕೊಂಡು ಹೋಗಲಿ, ಯಾರಾದರೂ ಬರಲಿ. ಕೊಟ್ಟಿಗೆಗೆ ಬಾಗಿಲು ಹಾಕಿ ಅಂದರೆ ಅದು ಸಾಹಸ ಅಲ್ಲ, ಅದಕ್ಕೆ ಯಾರೂ ಕತೆ ಬರೆಯಲ್ಲ, ಅದಕ್ಕೇ ಯಾರೂ ಮಾಡಲ್ಲ. ನಮ್ಮ ಬೆಟ್ಟದ ಮಾದಪ್ಪ ಹುಲಿಯ ಮೇಲೆ ಕೂತವನು. ಹುಲಿಯನ್ನ ಕೊಂದು ದೇವರಾದವನಲ್ಲ. ನಮ್ಮ ಹಾಡಿನಲ್ಲಿ ಹುಲಿ ಮನೆಯ ಪಶು ಇದ್ದ ಹಾಗೆ, ಹೆಸರು ಹೇಳದೆ ಭಯಭಕ್ತಿಯಿಂದ ಜೊತೆಯಲ್ಲಿ ಇಟ್ಟುಕೊಂಡದ್ದು. ಬೇಟೆ ಕತೆಗೆ ಇದು ಗೊತ್ತಿಲ್ಲ. ಆಂಡರ್ಸನ್‌ರೂ ವಯಸ್ಸಾದ ಮೇಲೆ ಕೋವಿ ಬದಿಗಿಟ್ಟು ಕ್ಯಾಮೆರಾ ಹಿಡಿದರು ಅಂತ ಕೇಳಿದ್ದೀನಿ. ಅದನ್ನ ಯಾವ ಹುಡುಗನೂ ನೆನಪಿಟ್ಟುಕೊಂಡಿಲ್ಲ, ಎಲ್ಲರಿಗೂ ರೈಫಲ್ಲೇ ನೆನಪು.

ಹಾಗಾಗಿ ನನ್ನ ಹಟ ಇಷ್ಟು. ಮೇಷ್ಟ್ರೇ, ನಾಲ್ಕು ಭಾಗವೂ ಇರಲಿ. ಹರಿದ ರಟ್ಟಿಗೆ ನಾನೇ ಗೋಂದು ಹಾಕಿ ಬಟ್ಟೆ ಅಂಟಿಸಿ ಕೊಡ್ತೀನಿ. ಹುಡುಗರೇ, ಇನ್ನೂ ಹತ್ತು ತರೋದು ಬೇಡ. ಇರೋ ನಾಲ್ಕನ್ನೇ ಸರಿಯಾಗಿ ಓದಿ, ಓದುವಾಗ ಪ್ರತಿ ಕತೆಯಲ್ಲೂ ಒಂದು ಪ್ರಶ್ನೆ ಕೇಳಿ, ಬಾಗಿಲ ಹಿಂದೆ ಇದ್ದವರು ಏನು ಮಾಡ್ತಿದ್ದರು ಅಂತ. ಉಳಿದ ದುಡ್ಡಿಗೆ ಒಂದು ಇನ್ನೂರು ಪುಟದ ನೋಟುಬುಕ್ಕು ತನ್ನಿ. ಈ ಸಲ ಕಾರ್ತಿಕದಲ್ಲಿ ಯಾರ್ಯಾರು ಅಟ್ಟಣೆ ಹತ್ತುತ್ತಾರೋ ಅವರು ಬೆಳಿಗ್ಗೆ ಇಳಿದು ಮನೆಗೆ ಹೋಗೋ ಮೊದಲು ಇಲ್ಲಿಗೆ ಬಂದು ನಾಲ್ಕು ಸಾಲು ಬರೀಲಿ. ಯಾವ ಕಡೆಯಿಂದ ಬಂದವು, ಎಷ್ಟು, ಮರಿ ಇತ್ತಾ, ಏನು ಮಾಡಿದೆವು, ಎಷ್ಟು ರಾಗಿ ಹೋಯ್ತು. ಏನೂ ಬರಲಿಲ್ಲ ಅಂದರೆ ಏನೂ ಬರಲಿಲ್ಲ ಅಂತ ಬರೀಲಿ. ಕನ್ನಡದಲ್ಲೇ ಬರೀಲಿ, ತಪ್ಪಿದ್ದರೂ ಚಿಂತೆ ಇಲ್ಲ, ಬರೆಯೋಕೆ ಬಾರದವರು ಹೇಳಲಿ, ನನ್ನ ಮೊಮ್ಮಗ ಬರೆದುಕೊಳ್ಳಲಿ. ಪರಿಹಾರದ ಅರ್ಜಿ ಬರೆಯುವಾಗಲೂ ಅದು ಉಪಯೋಗಕ್ಕೆ ಬರುತ್ತೆ. ಎಷ್ಟು ರಾತ್ರಿ ಬಂದವು ಅಂತ ಕೇಳಿದಾಗ ನಾವು ತಲೆ ಕೆರೆದುಕೊಳ್ಳೋದು ತಪ್ಪುತ್ತೆ.

ಮೊದಲನೇ ಪುಟ ನಾನು ಬರೀತೀನಿ. ಅಮ್ಮನ ಹಾಡಿನ ಆ ಹೆಣ್ಣುಮಗಳ ಮನೆಯವರು ಒಪ್ಪಿದರೆ, ಅವಳ ಹೆಸರು ಅಲ್ಲಿರುತ್ತೆ.

ಕಡೆಗೆ ಒಂದು ಮಾತು. ಎರಡನೇ ಭಾಗ, ಪೆದ್ದಚೆರುವಿನ ರಾಕ್ಷಸ, ಯುಗಾದಿಯಿಂದ ಕಪಾಟಿನಲ್ಲಿ ಇಲ್ಲ. ರಿಜಿಸ್ಟರಿನಲ್ಲಿ ಸಹಿಯೂ ಇಲ್ಲ. ತೆಗೆದುಕೊಂಡು ಹೋದವರು ಯಾರೇ ಆಗಲಿ ಕೇಳಲ್ಲ, ದೀಪಾವಳಿಯೊಳಗೆ ತಂದು ಕಿಟಕಿಯಲ್ಲಿ ಇಟ್ಟು ಹೋಗಿ. ನಾನೇ ಇನ್ನೂ ಅರ್ಧ ಓದಿದ್ದೆ.